ಹೊಸೂರಿನ ಕಾರ್ಖಾನೆಗಳಿಗೆ ಯಾವ ಕೆಲಸ ಗೊತ್ತಿರುವವರು ಬೇಕು ಅಂತ ತಿಳಿಯೋದು ಹೇಗೆ?

ಡೆಂಕಣಿಕೋಟೆಯಲ್ಲಿ ಸಣ್ಣ ತರಬೇತಿ ಕೇಂದ್ರ ತೆರೆಯಬೇಕು, ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕಡಿಯುವ ಮೆಷಿನ್) ಕಲಿಸಲಾ, ವೆಲ್ಡಿಂಗ್ ಕಲಿಸಲಾ, ಈ ‘ಲೇಬರ್ ಮಾರ್ಕೆಟ್ ರಿಸರ್ಚ್’ ನಮ್ಮಂಥವರ ಕೈಲಿ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತೆ. ನಾನು ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಹನ್ನೊಂದು ವರ್ಷ ಲೇತ್ ಮುಂದೆ ನಿಂತವನು, ಈಗ ಹುಡುಗರಿಗೆ ಕೆಲಸ ಕಲಿಸುತ್ತೇನೆ. ಈ ವಿಚಾರಿಸುವ ಕೆಲಸವನ್ನು ಒಂದು ಸಲ ಕೆಟ್ಟದಾಗಿ ಮಾಡಿದ್ದೇನೆ, ಇನ್ನೊಂದು ಸಲ ಪರವಾಗಿಲ್ಲ ಅನ್ನುವ ಹಾಗೆ.

ಕೆಟ್ಟದ್ದನ್ನೇ ಮೊದಲು ಹೇಳುತ್ತೇನೆ. ಬೈಕಿನಲ್ಲಿ ಸುತ್ತಿ ಗೇಟಿನ ಬೋರ್ಡುಗಳನ್ನು ಎಣಿಸಿದೆ. ‘ಸಿಎನ್‌ಸಿ ಆಪರೇಟರ್ ಬೇಕು’ ಅನ್ನೋದೇ ಜಾಸ್ತಿ. ಸರಿ, ಇದಕ್ಕೇ ಬೇಡಿಕೆ ಅಂದುಕೊಂಡು ಹದಿನೆಂಟು ಹುಡುಗರಿಗೆ ಕಂಪ್ಯೂಟರ್ ಮುಂದೆ ಕೂರಿಸಿ ಪ್ರೋಗ್ರಾಮಿಂಗ್ ಹೇಳಿಕೊಟ್ಟೆ. ಆರು ತಿಂಗಳಾದ ಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡಿದರೆ ಮೆಷಿನ್ ಮೇಲೆ ಉಳಿದವರು ನಾಲ್ಕೇ ಜನ.

ಆಮೇಲೆ ಅದೇ ಗೇಟುಗಳಿಗೆ ಮತ್ತೆ ಹೋದೆ, ಈ ಸಲ ಒಳಗೆ. ಒಂದು ಕಡೆಯ ಬೋರ್ಡು ಪೇಂಟಿನಲ್ಲಿ ಬರೆದದ್ದು, ವರ್ಷವಿಡೀ ಅಳಿಸುವುದೇ ಇಲ್ಲ! ಹನ್ನೆರಡು ಗಂಟೆಯ ಶಿಫ್ಟ್, ರಾತ್ರಿ ಕೆಲಸ ಬಿಟ್ಟ ಮೇಲೆ ಊರಿಗೆ ಬಸ್ಸಿಲ್ಲ. ಕೆಲಸ ಬಲ್ಲವರು ಬರುತ್ತಾರೆ, ತಿಂಗಳು ನೋಡಿ ಹೋಗುತ್ತಾರೆ. ಇದಕ್ಕೆ ನೀವು ಯಾವ ಕೋರ್ಸ್ ಮಾಡಿದರೂ ಪ್ರಯೋಜನವಿಲ್ಲ. ಅಲ್ಲಿ ಕೊರತೆ ಇರೋದು ಸಂಬಳದ್ದು, ಬಸ್ಸಿನದ್ದು.

ಇನ್ನೊಂದು ಕಡೆ ಜನ ಇದ್ದರು, ಕೆಲಸ ಕೆಡುತ್ತಿತ್ತು. ನನ್ನ ಎದುರಿಗೇ ನಡೆದದ್ದು ಹೇಳುತ್ತೇನೆ. ಡ್ರಾಯಿಂಗ್‌ನಲ್ಲಿ ಶಾಫ್ಟಿನ ವ್ಯಾಸ 24.98 ರಿಂದ 25.00 ಮಿ.ಮೀ. ಒಳಗೆ ಇರಬೇಕು. ಅಳೆದರೆ 25.03. ಇನ್ನು 0.04 ತೆಗೆದರೆ ಸರಿಯಾಗಿ ನಡುವೆ ಕೂರುತ್ತದೆ. ಹುಡುಗ ಬುದ್ಧಿವಂತ, ಎರಡೂ ಕಡೆಯಿಂದ ತಾನೇ ಕಡಿಯೋದು ಅಂತ ಅರ್ಧ ಮಾಡಿ ಆಫ್‌ಸೆಟ್‌ನಲ್ಲಿ (ಮೆಷಿನ್‌ಗೆ ಕೊಡುವ ಅಳತೆಯ ತಿದ್ದುಪಡಿ) 0.02 ಕಡಿಮೆ ಮಾಡಿದ. ಆದರೆ ಆ ಮೆಷಿನ್ ಎಕ್ಸ್ (ಅಡ್ಡ ಅಳತೆ) ಲೆಕ್ಕವನ್ನು ವ್ಯಾಸದಲ್ಲೇ ತೆಗೆದುಕೊಳ್ಳುತ್ತದೆ, ಅರ್ಧ ಮಾಡಬೇಕಿಲ್ಲ. ಮುಂದಿನದು 25.01 ಬಂತು, ಅದೂ ರಿಜೆಕ್ಟ್ ಮಾಲಿನ ಕೆಂಪು ಡಬ್ಬಿಗೆ. ಅಳೆಯಲು ಹಿಡಿದದ್ದು ವರ್ನಿಯರ್ ಬೇರೆ, ಇನ್ನೂ ಸೂಕ್ಷ್ಮವಾಗಿ ಅಳೆಯುವ ಮೈಕ್ರೋಮೀಟರ್ ಪಕ್ಕದಲ್ಲೇ ಇದ್ದರೂ. ಇವನಿಗೆ ಬೇಕಾಗಿದ್ದದ್ದು ಪ್ರೋಗ್ರಾಮಿಂಗ್ ಅಲ್ಲ, ಅಲ್ವಾ?

ಅಂದರೆ ‘ಜನ ಸಿಗ್ತಿಲ್ಲ’ ಅನ್ನುವ ಒಂದೇ ಮಾತಿನ ಹಿಂದೆ ಮೂರು ಬೇರೆ ಬೇರೆ ಸಂಗತಿ ಇರಬಹುದು. ಆ ಕೆಲಸ ಬಲ್ಲವರೇ ಇಲ್ಲದಿರುವುದು, ಬಲ್ಲವರಿದ್ದೂ ಬಾರದಿರುವುದು, ಒಳಗಿರುವವರಿಗೇ ಪೂರ್ತಿ ಗೊತ್ತಿಲ್ಲದಿರುವುದು. ಮೊದಲನೆಯದಕ್ಕೆ ಹೊಸಬರ ಕೋರ್ಸು ಬೇಕು. ಕೊನೆಯದಕ್ಕೆ ಕೆಲಸದಲ್ಲಿರುವವರಿಗೆ ಭಾನುವಾರದ ಪಾಠ ಸಾಕು, ಅದಕ್ಕೆ ಕೆಲವು ಮಾಲೀಕರು ದುಡ್ಡೂ ಕೊಡುತ್ತಾರೆ.

‘ನಿಮಗೆ ಯಾವ ಕೌಶಲ ಬೇಕು?’ ಅಂತ ಮಾತ್ರ ಕೇಳಬೇಡಿ. ‘ಒಳ್ಳೆ ಹುಡುಗರು ಬೇಕು ಸಾರ್’ ಅನ್ನುತ್ತಾರೆ, ಮುಗಿಯಿತು. ಕಳೆದ ಆರು ತಿಂಗಳಲ್ಲಿ ಯಾವ ಕೆಲಸಕ್ಕೆ ಜನ ಹುಡುಕಿದಿರಿ, ಎಷ್ಟು ಜನ ಬಂದರು, ಬಂದವರನ್ನು ಯಾಕೆ ಬೇಡ ಅಂದಿರಿ ಅಂತ ಕೇಳಿ. ಎಚ್‌ಆರ್ ಜೊತೆಗೆ ಶಿಫ್ಟ್ ಸೂಪರ್‌ವೈಸರನ್ನೂ ಕೇಳಿ. ಇಂಗ್ಲಿಷ್ ಫಾರಂ ಕೊಟ್ಟು ಬಂದರೆ ಅದು ಡ್ರಾಯರ್‌ನಲ್ಲೇ ಉಳಿಯುತ್ತೆ. ನಾನು ಕನ್ನಡ, ತಮಿಳು, ತೆಲುಗು ಎಲ್ಲಾ ಕಲಸಿ ಮಾತಾಡಿಯೇ ಉತ್ತರ ತಂದದ್ದು.

ಸರ್ಕಾರಿ ಅಂಕಿಅಂಶ ಬೇಡವೇ? ಬೇಕು, ಆದರೆ ಅದರ ಮಿತಿ ಗೊತ್ತಿರಲಿ. ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆ ಮುಖ್ಯವಾಗಿ ನೋಂದಾಯಿತ ಕಾರ್ಖಾನೆಗಳನ್ನು ನೋಡುತ್ತದೆ. 1948ರ ಕಾರ್ಖಾನೆ ಕಾಯ್ದೆಯ ಲೆಕ್ಕದಲ್ಲಿ ಕರೆಂಟ್ ಬಳಸಿದರೆ 10 ಜನ, ಇಲ್ಲದಿದ್ದರೆ 20 ಜನ ಇರಬೇಕಿತ್ತು. ಆರು ಜನರ ಶೆಡ್ಡು ಅದರಲ್ಲಿ ಕಾಣಿಸುವುದಿಲ್ಲ, ನಮ್ಮ ಹುಡುಗರು ಮೊದಲು ಕಲಿಯುವುದು ಮಾತ್ರ ಅಲ್ಲೇ. ಉದ್ಯಮಗಳನ್ನು ವಿಂಗಡಿಸುವ ಎನ್‌ಐಸಿ 2008 ಅನ್ನುವ ಸರ್ಕಾರಿ ಕೋಡ್ ಪಟ್ಟಿಯನ್ನೂ ಒಮ್ಮೆ ನೋಡಿ. ಲಾರಿ ಮಾಡುವುದು 29ರಲ್ಲಿ, ಬೈಕ್ 30ರಲ್ಲಿ, ಕೈಗಡಿಯಾರ ಕಂಪ್ಯೂಟರ್ ಜೊತೆ 26ರಲ್ಲಿ. ಹೊಸೂರಿನ ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟನ್ ಮೂರೂ ಮೂರು ಕಡೆ ಹಂಚಿಹೋದವು. ಆದರೆ ಮೂವರಿಗೂ ಟೂಲ್ ರೂಮಿನಲ್ಲಿ (ಅಚ್ಚು, ಉಪಕರಣ ತಯಾರಿಸುವ ವಿಭಾಗ) ಕೈ ಪಳಗಿದವರು ಬೇಕು. ಉದ್ಯಮದ ಕೋಡ್ ಮಾತ್ರ ನೋಡಿದರೆ ಇದು ಹೊಳೆಯುವುದಿಲ್ಲ, ಕೆಲಸಗಳ ಪಟ್ಟಿ ಎನ್‌ಸಿಒ 2015 ಜೊತೆಗಿಟ್ಟು ನೋಡಬೇಕು.

ರಾಜ್ಯದ ಲೆಕ್ಕಗಳು ಗಡಿಗೆ ಬಂದು ನಿಲ್ಲುತ್ತವೆ. ಹುಡುಗರು ನಿಲ್ಲುವುದಿಲ್ಲ. ಜೂಜುವಾಡಿ ದಾಟಿದರೆ ಕರ್ನಾಟಕದ ಅತ್ತಿಬೆಲೆ, ಆಚೆ ಬೊಮ್ಮಸಂದ್ರ, ಜಿಗಣಿ. ಹಾಗಾಗಿ ಅಲ್ಲಿಯೂ ಒಂದೈದು ಶೆಡ್ಡು ಸುತ್ತಿ.

ಇನ್ನೊಂದು ಮಾತು. ಹೊಸ ಕಾರ್ಖಾನೆ ಬಂತು ಅನ್ನುವ ಸುದ್ದಿಗೇ ಎಲ್ಲರೂ ಓಡುತ್ತಾರೆ. ಪೋಚಂಪಳ್ಳಿ ಕಡೆ ಓಲಾ ಸ್ಕೂಟರ್ ಬಂದಾಗ ಬ್ಯಾಟರಿ ಕೋರ್ಸು ಅಂತ ನನ್ನನ್ನೂ ಎಷ್ಟೋ ಜನ ಕೇಳಿದರು. ನಿವೃತ್ತಿಯ ಲೆಕ್ಕ ಹಾಕುವವರು ಕಡಿಮೆ. 1987ರಲ್ಲಿ 22ನೇ ವಯಸ್ಸಿಗೆ ಸೇರಿದವರಿಗೆ 2023ಕ್ಕೇ 58 ಆಯಿತು. ಡೈ (ಅಚ್ಚು) ಫಿಟ್ಟರ್, ಮೆಂಟೆನೆನ್ಸ್ ಎಲೆಕ್ಟ್ರಿಷಿಯನ್ ಜಾಗದಲ್ಲಿ ತಲೆ ನರೆತವರು ಎಷ್ಟಿದ್ದಾರೆ ಅಂತ ಸುಮ್ನೆ ಕಣ್ಣಲ್ಲೇ ಎಣಿಸಿಕೊಂಡು ಬನ್ನಿ.

ಹದಿನೈದು ಶೆಡ್ಡು ಸಾಕು. ಹೋದ ಕಡೆಯೆಲ್ಲಾ ರಿಜೆಕ್ಟ್ ಆದ ಮಾಲಿನ ಕೆಂಪು ಡಬ್ಬಿ ತೋರಿಸಿ ಅನ್ನಿ. ನನ್ನ ಎರಡನೇ ಸುತ್ತಿನಲ್ಲಿ ಅದರಲ್ಲಿ ಕಂಡದ್ದು ಬಹುಪಾಲು ಅಳತೆಯ ತಪ್ಪೇ. ಈಗ ನನ್ನಲ್ಲಿ ಬರುವವರಿಗೆ ಮೊದಲ ಹತ್ತು ದಿನ ಮೆಷಿನ್ ಮುಟ್ಟಲು ಬಿಡುವುದಿಲ್ಲ, ಕೈಗೆ ಒಂದು ಮೈಕ್ರೋಮೀಟರ್ ಮತ್ತು ಆ ಡಬ್ಬಿಯಿಂದ ತಂದ ಶಾಫ್ಟುಗಳು.