ಸೂರಿನ ದೋಣಿಗೆ ಜಾಲರಿ ಹೊದಿಸಬೇಡಿ, ಎಲೆ ಹರಿದು ಬರಲಿ

ಮನೆಯ ಪಕ್ಕ ಮರ ಇದೆ, ಮಳೆನೀರು ಹಿಡಿಯಬೇಕು, ಸೂರಿನಂಚಿಗೆ ಛಾವಣಿಯ ನೀರು ಹಿಡಿಯುವ ದೋಣಿಯ ಮೇಲೆ ಎಷ್ಟು ಸಣ್ಣ ಕಣ್ಣಿನ ಜಾಲರಿ ಹೊದಿಸಿದರೆ ಒಂದು ಎಲೆಯೂ ಒಳಗೆ ಬೀಳೋದಿಲ್ಲ ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ನಾನು ಕೇಳುತ್ತಿದ್ದ ಪ್ರಶ್ನೆಯೂ ಇದೇ. ಅದಕ್ಕೆ ಉತ್ತರವನ್ನೂ ಹುಡುಕಿಕೊಂಡಿದ್ದೆ. ಆ ಉತ್ತರದಿಂದ ನನ್ನ ಎರಡು ಮಳೆಗಾಲದ ನೀರು ಹಾಳಾಯಿತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮದು ಇಳಿಜಾರು ಮಾಡು, ಅಂದರೆ ಛಾವಣಿ. ಹಿಂಬದಿಯ ಮಾಡು ಸುಮಾರು 60 ಚದರ ಮೀಟರ್, ಅದರ ಅಂಚಿಗೆ 10 ಮೀಟರ್ ಉದ್ದದ ದೋಣಿ. ಎರಡು ದೊಡ್ಡ ಮರಗಳ ಕೊಂಬೆ ಮಾಡಿನ ಮೇಲೇ ಚಾಚಿಕೊಂಡಿವೆ. ಮೊದಲ ವರ್ಷ ದೋಣಿ ತೆರೆದೇ ಇತ್ತು. ವಾರಕ್ಕೊಮ್ಮೆ ಏಣಿ ಹತ್ತಿ ತರಗೆಲೆ ಬಾಚಬೇಕಿತ್ತು. ಸಾಕಾಗಿ ಹೋಯಿತು. ಮರುವರ್ಷ 1 ಮಿಲಿಮೀಟರ್ ಕಣ್ಣಿನ ಸ್ಟೀಲ್ ಜಾಲರಿ ತಂದೆ. ದೋಣಿಯ ಉದ್ದಕ್ಕೂ ಮಟ್ಟಸವಾಗಿ ಹಾಸಿದೆ. ಗಾಳಿಗೆ ಏಳಬಾರದು ಅಂತ ಎರಡೂ ಅಂಚಿಗೆ ಗೇಣಿಗೊಂದು ಸ್ಕ್ರೂ ಹೊಡೆದೆ. ಕೆಳಗಿನಿಂದ ನೋಡಿದರೆ ತುಂಬಾ ಚಂದ ಕಾಣುತ್ತಿತ್ತು. ಮೊದಲ ನಾಲ್ಕೈದು ಮಳೆಗೆ ಟ್ಯಾಂಕಿಗೆ ತಿಳಿನೀರೇ ಬಂತು. ಇನ್ನು ಏಣಿಯ ಕೆಲಸ ಮುಗಿಯಿತು ಅಂದುಕೊಂಡೆ.

ಒಂದು ತಿಂಗಳಾಗಿರಬಹುದು. ಅಮ್ಮ ಬಕೆಟ್ ತಂದು ಮುಂದಿಟ್ಟು, "ಇದೇನೋ ನೀರು ಹೀಗಿದೆ?" ಅಂದರು. ಕಷಾಯದ ಬಣ್ಣ. ಮೂಗಿಗೆ ಹತ್ತಿರ ತಂದರೆ ಕೊಳೆತ ವಾಸನೆ. ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದೆ. ಒಂದೇ ಒಂದು ಎಲೆ ಇಲ್ಲ! ಹಾಗಾಗಿ ತಪ್ಪು ಟ್ಯಾಂಕಿನದೇ ಅಂತ ನಂಬಿದೆ. ಖಾಲಿ ಮಾಡಿಸಿ ಉಜ್ಜಿ ತೊಳೆದೆ. ಎರಡು ವಾರದಲ್ಲಿ ಮತ್ತೆ ಅದೇ ಬಣ್ಣ. ಮತ್ತೆ ತೊಳೆದೆ. ಆ ವರ್ಷ ಮೂರು ಸಲ ತುಂಬಿದ ನೀರನ್ನು ಚೆಲ್ಲಿದ್ದೇನೆ. ಅಷ್ಟರಲ್ಲೂ ದೋಣಿಯ ಕಡೆ ತಲೆ ಎತ್ತಿ ನೋಡಲಿಲ್ಲ. ಜಾಲರಿ ಇದೆಯಲ್ಲ, ಎಲೆ ಒಳಗೆ ಹೋಗುತ್ತಿಲ್ಲವಲ್ಲ ಅಂತ.

ಮುಂದಿನ ಮಳೆಗಾಲದಲ್ಲಿ ಒಂದು ದಿನ ಜೋರು ಮಳೆ. ಸುಮ್ನೆ ಹಿಂಬಾಗಿಲಲ್ಲಿ ನಿಂತಿದ್ದೆ. ದೋಣಿಯ ಮುಂದಂಚಿನಿಂದ ನೀರು ಪರದೆ ಇಳಿಬಿಟ್ಟ ಹಾಗೆ ಅಂಗಳಕ್ಕೆ ಸುರಿಯುತ್ತಿತ್ತು. ದೋಣಿ ತುಂಬಿ ಉಕ್ಕುತ್ತಿದೆ ಅಂತ ಕೊಡೆ ಹಿಡಿದು ಟ್ಯಾಂಕಿನ ಹತ್ತಿರ ಹೋದೆ. ಪೈಪಿನಿಂದ ಬೆರಳು ದಪ್ಪದ ಧಾರೆ ಮಾತ್ರ ಬರುತ್ತಿತ್ತು. ದೋಣಿ ತುಂಬಿರಲೇ ಇಲ್ಲ. ನೀರು ಅದರೊಳಗೆ ಇಳಿಯದೆ ಮೇಲಿಂದಲೇ ದಾಟಿ ಹೋಗುತ್ತಿತ್ತು.

ಮಳೆ ನಿಂತ ಮೇಲೆ ಏಣಿ ಹಾಕಿದೆ. ಜಾಲರಿ ಕಾಣುತ್ತಲೇ ಇರಲಿಲ್ಲ. ಅದರ ಮೇಲೆ ಎರಡು ಬೆರಳು ದಪ್ಪದ ಕಪ್ಪು ಹಾಸು. ಮೇಲ್ಪದರದಲ್ಲಿ ಹೊಸ ಎಲೆ. ಅದರ ಕೆಳಗೆ ನರ ಮಾತ್ರ ಉಳಿದ ಹಳೆ ಎಲೆ. ಅದರ ಕೆಳಗೆ ಹೂವಿನ ಎಸಳು, ಧೂಳು, ಹಕ್ಕಿಯ ಹಿಕ್ಕೆ ಎಲ್ಲ ಸೇರಿ ಅಂಟಿನ ಹಾಗೆ ಆಗಿದ್ದ ಲೋಳೆ. ಎಲೆಯ ತೊಟ್ಟುಗಳು ಜಾಲರಿಯ ಕಣ್ಣಿಗೆ ಸೂಜಿಯ ಹಾಗೆ ಚುಚ್ಚಿಕೊಂಡಿದ್ದವು, ಎಳೆದರೆ ತುಂಡಾಗುತ್ತಿದ್ದವು. ಅಂಗೈ ಇಟ್ಟು ಒತ್ತಿದೆ. ಕೆಳಗೆ ದೋಣಿಯೊಳಗೆ ಕಂದು ನೀರು ತೊಟ್ಟಿಕ್ಕಿತು. ಟ್ಯಾಂಕಿನ ನೀರಿನದೇ ಬಣ್ಣ.

ಆದರೂ ಖಾತ್ರಿ ಮಾಡಿಕೊಳ್ಳಬೇಕು ಅನಿಸಿತು. ಮುಂದಿನ ಮಳೆಗೆ ಎರಡು ಗಾಜಿನ ಬಾಟಲಿ ಇಟ್ಟೆ. ಒಂದು ಜಾಲರಿಗೆ ತಾಗುವ ಮೊದಲೇ ಮಾಡಿನ ಅಂಚಿನ ನೀರು ಹಿಡಿಯುವ ಹಾಗೆ, ಇನ್ನೊಂದು ಪೈಪಿನ ಬಾಯಿಗೆ. ಎರಡೂ ತುಂಬಿದ ಮೇಲೆ ಕಿಟಕಿಯಲ್ಲಿ ಅಕ್ಕಪಕ್ಕ ಇಟ್ಟು ನೋಡಿದೆ. ಮಾಡಿನ ನೀರಿನ ತಳದಲ್ಲಿ ಸ್ವಲ್ಪ ಧೂಳು, ಮೇಲೆಲ್ಲ ತಿಳಿ. ಜಾಲರಿ ದಾಟಿದ ನೀರು ಕಂದು. ಶುದ್ಧ ಮಾಡಲಿ ಅಂತ ನಾನು ಹಾಕಿದ್ದೇ ನೀರನ್ನು ಕೆಡಿಸುತ್ತಿತ್ತು. ಎಲೆ ಒಳಗೆ ಬರಲಿಲ್ಲ, ಎಲೆಯ ರಸ ಬಂತು.

ಈ ತಪ್ಪನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ನೀವೂ ಅಲ್ಲಿಗೇ ಹೊರಟಿದ್ದೀರಿ.

ಸಣ್ಣ ಕಣ್ಣಿನ ಜಾಲರಿ ಎಲೆಯನ್ನಷ್ಟೇ ಅಲ್ಲ, ನೀರನ್ನೂ ತಡೆಯುತ್ತದೆ. ಒಂದು ಸಣ್ಣ ಕಣ್ಣಿನ ಜರಡಿಯನ್ನು ನೀರಲ್ಲಿ ಅದ್ದಿ ಮೆಲ್ಲಗೆ ಎತ್ತಿ ನೋಡಿ. ಕಣ್ಣುಗಳಲ್ಲಿ ನೀರಿನ ಪೊರೆ ಹಾಗೇ ನಿಂತಿರುತ್ತದೆ, ಕುಟ್ಟಿದರೆ ಮಾತ್ರ ಬೀಳುತ್ತದೆ. ದೋಣಿಯ ಮೇಲೂ ಅದೇ ಆಗುತ್ತದೆ. ಜೊತೆಗೆ ಮಾಡಿನಿಂದ ಇಳಿಯುವ ನೀರು ನಿಂತು ಸೋಸಿಕೊಂಡು ಹೋಗೋದಿಲ್ಲ, ಓಡಿ ಬರುತ್ತದೆ. 1 ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಗಂಟೆಗೆ 60 ಮಿಲಿಮೀಟರ್ ಲೆಕ್ಕದಲ್ಲಿ ಸುರಿದರೆ ನನ್ನ 60 ಚದರ ಮೀಟರಿನಿಂದ ಗಂಟೆಗೆ 3,600 ಲೀಟರ್, ಅಂದರೆ ಸೆಕೆಂಡಿಗೆ 1 ಲೀಟರ್ ಬರುತ್ತದೆ. ಜೋರು ಮಳೆಯ ಹತ್ತು ನಿಮಿಷದಲ್ಲಿ ಇದರ ಎರಡು ಪಟ್ಟು ವೇಗದಲ್ಲಿ ಬರೋದೂ ಉಂಟು. ಟ್ಯಾಂಕು ತುಂಬುವುದು ಅಂಥ ಮಳೆಯಲ್ಲೇ. ಪೊರೆ ಕಟ್ಟಿದ, ಎಲೆ ಮುಚ್ಚಿದ ಜಾಲರಿಯ ಮೇಲೆ ಆ ನೀರು ಜಾರಿ ಆಚೆ ಹೋಗುತ್ತದೆ. ಜಿಟಿಜಿಟಿ ಮಳೆಯ ನೀರು ಮಾತ್ರ ಎಲೆಯ ಹಾಸಿನಲ್ಲಿ ನಿಧಾನಕ್ಕೆ ನೆನೆದು, ರಸ ಎಳೆದುಕೊಂಡು, ಟ್ಯಾಂಕಿಗೆ ಇಳಿಯುತ್ತದೆ. ಒಳ್ಳೆ ನೀರು ಅಂಗಳಕ್ಕೆ, ಕೆಟ್ಟ ನೀರು ಟ್ಯಾಂಕಿಗೆ. ಇದಕ್ಕಿಂತ ತಿರುಗುಮುರುಗು ಏನಿದೆ ಹೇಳಿ?

ಇನ್ನು ಮಟ್ಟಸವಾಗಿ ಹಾಸಿದ್ದು. ಮಟ್ಟಸ ಜಾಲರಿಯ ಮೇಲೆ ಬಿದ್ದ ಎಲೆಗೆ ಹೋಗಲು ಜಾಗ ಇಲ್ಲ. ಒಣಗಿ ಹಗುರಾದರೆ ಗಾಳಿ ಹೊತ್ತೊಯ್ಯುತ್ತದೆ, ಸರಿ. ಆದರೆ ಮಳೆಗಾಲದಲ್ಲಿ, ಅದೂ ಮರದ ನೆರಳಲ್ಲಿ, ಎಲೆ ಒಣಗುವುದು ಯಾವಾಗ? ನೆಂದ ಎಲೆ ಅಲ್ಲೇ ಅಂಟಿ ಕೊಳೆಯುತ್ತದೆ. ಮೇಲಾಗಿ ನಾನು ಸ್ಕ್ರೂ ಹೊಡೆದುಬಿಟ್ಟಿದ್ದೆ. ತೊಂಬತ್ತರ ಹತ್ತಿರ ಸ್ಕ್ರೂ. ತೆಗೆದು ತೊಳೆಯಬೇಕು ಅಂದರೆ ಇಡೀ ದಿನದ ಕೆಲಸ, ಹಾಗಾಗಿ ಯಾರೂ ತೆಗೆಯೋದಿಲ್ಲ.

ಹಾಗಾಗಿ ನನ್ನ ಪ್ರಕಾರ ನಿಮ್ಮ ಪ್ರಶ್ನೆಯೇ ಬದಲಾಗಬೇಕು. ದೋಣಿಗೆ ಎಲೆ ಬೀಳದ ಹಾಗೆ ಮಾಡೋದು ಹೇಗೆ ಅಂತ ಕೇಳಬೇಡಿ. ಬಿದ್ದ ಎಲೆ ದೋಣಿಯಲ್ಲಿ ನಿಲ್ಲದೆ ಹರಿದು ಬರುವುದು ಹೇಗೆ, ಅದನ್ನು ಕೈಗೆ ಸಿಗುವ ಒಂದೇ ಜಾಗದಲ್ಲಿ ನೀರಿನಿಂದ ಬೇರೆ ಮಾಡೋದು ಹೇಗೆ ಅಂತ ಕೇಳಿ. 10 ಮೀಟರ್ ಜಾಲರಿ ಕಾಯುವುದಕ್ಕಿಂತ ಮೊಳದುದ್ದದ ಜಾಲರಿ ಕಾಯುವುದು ಸುಲಭ ಅಲ್ವಾ?

ನಾಲ್ಕನೇ ವರ್ಷ ಎಲ್ಲ ಕಿತ್ತು ಹೊಸದಾಗಿ ಮಾಡಿದೆ. ದೋಣಿ ಅರ್ಧ ಪೈಪಿನ ಆಕಾರದ್ದು. ಚೌಕ ದೋಣಿಯ ಮೂಲೆಯಲ್ಲಿ ಕೆಸರು ಕೂರುತ್ತದೆ. ದುಂಡು ತಳದಲ್ಲಿ ಸ್ವಲ್ಪ ನೀರಿದ್ದರೂ ಒಂದೇ ಧಾರೆಯಾಗಿ ಓಡಿ ಎಲೆಯನ್ನು ತಳ್ಳಿಕೊಂಡು ಹೋಗುತ್ತದೆ. ಹಳೆಯ ದೋಣಿಗೆ ವಾಟ, ಅಂದರೆ ನೀರು ಹರಿಯಲು ಕೊಡುವ ಇಳಿಜಾರು, ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಇತ್ತು. ಈಗ ಮೀಟರಿಗೆ 1 ಸೆಂಟಿಮೀಟರ್ ಕೊಟ್ಟಿದ್ದೇನೆ. ಬರೀ ನೀರಿಗಾದರೆ ಅದರ ಅರ್ಧ ಸಾಕು, ಎಲೆ ಸಾಗಿಸಲು ಇಷ್ಟು ಬೇಕು. ಆದರೆ 10 ಮೀಟರಿಗೂ ಒಂದೇ ಕಡೆ ವಾಟ ಕೊಟ್ಟರೆ ಕೊನೆಗೆ 10 ಸೆಂಟಿಮೀಟರ್ ಕೆಳಗೆ ಇಳಿದು, ಮಾಡಿನ ನೀರು ದೋಣಿಗೆ ಬೀಳದೆ ಆಚೆ ಚಿಮ್ಮುತ್ತದೆ. ಅದಕ್ಕೆ ಪೈಪನ್ನು ನಡುವೆ ಇಟ್ಟು ಎರಡೂ ತುದಿಯಿಂದ ಐದೈದು ಮೀಟರ್ ಇಳಿಸಿದೆ. ದೋಣಿಯ ಹೊರಗಿನ ಅಂಚು ಗೋಡೆಯ ಕಡೆಯ ಅಂಚಿಗಿಂತ ಬೆರಳಷ್ಟು ಕೆಳಗಿರಲಿ. ಎಂದಾದರೂ ಉಕ್ಕಿದರೆ ಗೋಡೆ ನೆನೆಯಬಾರದು.

ಎಲೆ ಸಿಕ್ಕಿಕೊಳ್ಳುವುದು ನಾವು ಗಮನಿಸದ ಜಾಗದಲ್ಲಿ. ದೋಣಿಯನ್ನು ಒಳಗಿನಿಂದ ಅಡ್ಡ ಹಿಡಿಯುವ ಪಟ್ಟಿ ಇದ್ದರೆ ಅಲ್ಲೊಂದು ಒಡ್ಡು ಗ್ಯಾರಂಟಿ, ಹಿಡಿಕೆ ಹೊರಗಿನಿಂದಲೇ ಇರಲಿ. ಪೈಪಿನ ಬಾಯಿಗೆ ಇಡುವ ತಂತಿಯ ಚೆಂಡನ್ನೂ ಇಡಬೇಡಿ, ಹತ್ತು ಎಲೆ ಸಾಕು ಅದನ್ನು ಮುಚ್ಚಲು. ಬಾಯಿ ದೊಡ್ಡದಿರಲಿ. ನಾನು 110 ಮಿಲಿಮೀಟರ್ ಪೈಪ್ ಹಾಕಿ, ಮೇಲೆ ಆಲಿಕೆಯ ಹಾಗೆ ಅಗಲ ಮಾಡಿಸಿದೆ. ತಿರುವು ಬೇಕಾದರೆ ಒಂದು 90 ಡಿಗ್ರಿ ಎಲ್ಬೋ ಬದಲು ಎರಡು 45 ಡಿಗ್ರಿ ಬೆಂಡ್ ಹಾಕಿ.

ಇನ್ನು ಎಲೆ ಬೇರೆ ಮಾಡುವ ಜಾಗ. ಇಳಿಪೈಪನ್ನು ತಲೆಯ ಎತ್ತರದಲ್ಲಿ ಕತ್ತರಿಸಿದ್ದೇನೆ. ಅದರ ಕೆಳಗೆ ಒಂದು ತೆರೆದ ಪೆಟ್ಟಿಗೆ, ಬಾಯಿಗೆ 30 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಉದ್ದದ ಜಾಲರಿ. ಅದನ್ನು ಸುಮಾರು 50 ಡಿಗ್ರಿ ಓರೆಯಾಗಿ ಇಟ್ಟಿದ್ದೇನೆ. ನೀರು ಮೊದಲು ಒಂದು ಓರೆ ತಗಡಿಗೆ ಬಿದ್ದು, ಅಗಲವಾಗಿ ಹರಡಿ, ಜಾಲರಿಯ ಮೇಲ್ಭಾಗಕ್ಕೆ ಇಳಿಯುತ್ತದೆ. ನೀರು ತಂತಿ ಹಿಡಿದು ಅಡಿಗೆ ಇಳಿದು ಪೆಟ್ಟಿಗೆಗೆ ಬೀಳುತ್ತದೆ, ಎಲೆ ಮೇಲಿಂದ ಜಾರಿ ನೆಲದ ಬುಟ್ಟಿಗೆ ಬೀಳುತ್ತದೆ. ಮೇಲಿನ ಜಾಲರಿಯ ಕಣ್ಣು 5 ಮಿಲಿಮೀಟರ್. ಅದರ ಕೆಳಗೆ ಎರಡು ಇಂಚು ಬಿಟ್ಟು, ಇನ್ನೂ ಹೆಚ್ಚು ಓರೆಯಾಗಿ, 1 ಮಿಲಿಮೀಟರ್ ಕಣ್ಣಿನ ಇನ್ನೊಂದು. ಹೌದು, ನನ್ನ ಹಳೆಯ ಜಾಲರಿಯದೇ ತುಂಡು. ದೋಣಿಯ ಮೇಲೆ ನೀರು ಕೆಡಿಸಿದ್ದು ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಓರೆಯಾಗಿದೆ, ಎಲೆ ಅದರ ತನಕ ಬರೋದಿಲ್ಲ, ಎಳೆದರೆ ಕೈಗೆ ಬರುತ್ತದೆ. ಹುಣಸೆಯಂಥ ಪುಟಾಣಿ ಎಲೆಯನ್ನೂ ಸೊಳ್ಳೆಯನ್ನೂ ತಡೆಯುವುದು ಇದೇ.

ಒಂದು ವಿಷಯಕ್ಕೆ ಒಂದು ತಿಂಗಳು ಒದ್ದಾಡಿದೆ. ಚಂದ ಇರಲಿ ಅಂತ ಮೇಲಿನ ಜಾಲರಿಯ ನಾಲ್ಕೂ ಕಡೆ ಪಟ್ಟಿ ಕಟ್ಟಿಸಿದ್ದೆ. ಕೆಳ ಅಂಚಿನ ಪಟ್ಟಿಗೆ ಮೊದಲ ಎಲೆ ತಗುಲಿ ನಿಂತಿತು, ಅದರ ಹಿಂದೆ ಎರಡನೆಯದು, ಸಾಲುಗಟ್ಟಿ ಮೇಲಿನ ತನಕ. ಪಟ್ಟಿಯ ದಪ್ಪ ಬರೀ 3 ಮಿಲಿಮೀಟರ್. ಅದನ್ನು ಕತ್ತರಿಸಿ ಅಂಚನ್ನು ಬೋಳು ಬಿಟ್ಟ ಮೇಲೆ ಎಲೆ ತಾನಾಗಿ ಬೀಳತೊಡಗಿತು.

ಎಲೆ ತಡೆಯಲು ಕೆಲವರು ಬ್ರಷ್ಷಿನ ಹಾಗಿರುವುದನ್ನು ದೋಣಿಯೊಳಗೆ ಇಡುತ್ತಾರೆ, ಸ್ಪಂಜು ತುಂಬುತ್ತಾರೆ. ಎರಡೂ ಎಲೆಯನ್ನು ನೀರಿನ ದಾರಿಯಲ್ಲೇ ಹಿಡಿದಿಡುತ್ತವೆ, ನೀರು ಸಂಗ್ರಹಿಸುವವರಿಗೆ ಬೇಡವೇ ಬೇಡ. ಬಾಗಿದ ಮುಚ್ಚಳದ ದೋಣಿಯೂ ಇದೆ, ನೀರು ಬಾಗನ್ನು ಅಂಟಿಕೊಂಡು ಒಳಗೆ ತಿರುಗುತ್ತದೆ, ಎಲೆ ನೇರ ಹೊರಗೆ ಹೋಗುತ್ತದೆ. ಉಪಾಯ ಒಳ್ಳೆಯದೇ. ಆದರೆ ಜೋರು ಮಳೆಯಲ್ಲಿ ನೀರೂ ಎಲೆಯ ಜೊತೆ ಹೊರಗೆ ಹಾರುತ್ತದೆ. ಮರ ಕಡಿಸಿ ಅಂತ ಹೇಳುವವರೂ ಸಿಗುತ್ತಾರೆ, ಕೇಳಬೇಡಿ. ಮಾಡಿಗೆ ತಾಗುವ ಕೊಂಬೆಯನ್ನಷ್ಟೇ ಸವರಿಸಿ.

ಎಲೆ ತಡೆದ ಮೇಲೂ ಮಾಡಿನ ಧೂಳು, ಹಿಕ್ಕೆ ಉಳಿಯುತ್ತವೆ. ಅದಕ್ಕೆ ಮೊದಲ ನೀರನ್ನು ಬೇರೆ ಬಿಡಬೇಕು. ಕನಿಷ್ಠ 1 ಮಿಲಿಮೀಟರ್ ಮಳೆ, ಅಂದರೆ ನನಗೆ 60 ಲೀಟರ್. ಪೆಟ್ಟಿಗೆಯ ನಂತರ ಅಷ್ಟು ಹಿಡಿಯುವ ಡ್ರಮ್ ಇದೆ, ಅದು ತುಂಬಿದ ಮೇಲಷ್ಟೇ ನೀರು ಟ್ಯಾಂಕಿನ ಕಡೆ ತಿರುಗುತ್ತದೆ. ಡ್ರಮ್ಮಿನ ತಳದ ಸಣ್ಣ ತೂತಿನಿಂದ ಒಂದು ದಿನದೊಳಗೆ ನೀರೆಲ್ಲ ಜಿನುಗಿ ಹೋಗಿ ಮುಂದಿನ ಮಳೆಗೆ ಖಾಲಿ ಇರುತ್ತದೆ. ಟ್ಯಾಂಕಿನೊಳಗೆ ಪೈಪನ್ನು ತಳದ ತನಕ ಇಳಿಸಿ, ಬಾಯಿ ಮೇಲಕ್ಕೆ ತಿರುಗಿಸಿದ್ದೇನೆ. ತಳದ ಕೆಸರು ಏಳೋದಿಲ್ಲ. ಕುಡಿಯಲು ಬಳಸುವುದಾದರೆ ಇಷ್ಟೆಲ್ಲ ಆದ ಮೇಲೂ ಕುದಿಸಲೇಬೇಕು. ಜಾಲರಿ ರೋಗಾಣು ತಡೆಯೋದಿಲ್ಲ.

ಈಗ ನಾಲ್ಕನೇ ಮಳೆಗಾಲ. ನೀರು ಬಣ್ಣ ತಿರುಗಿಲ್ಲ. ಏಣಿಯನ್ನು ವರ್ಷಕ್ಕೆ ಎರಡು ಸಲ ಹತ್ತುತ್ತೇನೆ. ಎಲೆಯ ಬುಟ್ಟಿಯನ್ನು ಅಮ್ಮನೇ ಒಯ್ದು ಅದೇ ಮರಗಳ ಬುಡಕ್ಕೆ ಸುರಿಯುತ್ತಾರೆ.

ನಿಮ್ಮ ಟ್ಯಾಂಕಿನ ಬಾಯಿ ನೆಲದಿಂದ ಎಷ್ಟು ಎತ್ತರ ಅಂತ ನೀವು ಬರೆದಿಲ್ಲ. ಜಾಲರಿ ಅದಕ್ಕಿಂತ ಮೇಲಿರಬೇಕು, ಏಣಿ ಇಲ್ಲದೆ ಕೈಗೂ ಸಿಗಬೇಕು. ನಮ್ಮದು ಗಿಡ್ಡ ಟ್ಯಾಂಕು, ತೊಂದರೆ ಆಗಲಿಲ್ಲ. ನಿಮ್ಮದು ಎರಡು ಮೀಟರ್ ದಾಟಿದ್ದರೆ ಪೆಟ್ಟಿಗೆ ಸೂರಿನ ಹತ್ತಿರವೇ ಬರುತ್ತದೆ, ಆಗ ನಿಂತು ಕೆಲಸ ಮಾಡಲು ಗಟ್ಟಿಯಾದ ಕಟ್ಟೆ ಬೇಕು. ಸೂರಿನ ಎತ್ತರ, ಟ್ಯಾಂಕಿನ ಬಾಯಿಯ ಎತ್ತರ ಎರಡನ್ನೂ ಅಳೆದು ತಿಳಿಸಿ, ಪೆಟ್ಟಿಗೆ ಎಲ್ಲಿ ಕೂರುತ್ತದೆ ಅಂತ ಲೆಕ್ಕ ಹಾಕಿ ಹೇಳುತ್ತೇನೆ.