ಲೇಬಲ್ ಮೇಲೆ ಹೆಸರಿತ್ತು, ಹಾಡಿದವರು ಬೇರೆ

ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಅನ್ನೋ ಅಮೆರಿಕದ ಹಿಪ್‌ಹಾಪ್ ಡಿಜೆ ಬಗ್ಗೆ ಕನ್ನಡದಲ್ಲಿ ಪರಿಚಯ ಲೇಖನ ಬರೆಯುತ್ತಿದ್ದೀರಿ. ಹುಟ್ಟಿದ ಊರು ಒಂದೊಂದು ಕಡೆ ಒಂದೊಂದು ಥರ ಇದೆ, ಯಾವ ವೆಬ್‌ಸೈಟ್ ನಂಬಲಿ ಅಂತ ಕೇಳಿದ್ದೀರಿ. ಊರಿನ ವಿಷಯ ಮೊದಲು ಮುಗಿಸಿಬಿಡೋಣ. ಅವರ ನಿಜ ಹೆಸರು ಜೋಸೆಫ್ ಸ್ಯಾಡ್ಲರ್. ಹುಟ್ಟಿದ್ದು 1958ರ ಜನವರಿ 1ರಂದು, ಬಾರ್ಬಡೋಸ್‌ನ ಬ್ರಿಡ್ಜ್‌ಟೌನ್‌ನಲ್ಲಿ. ಬೆಳೆದದ್ದು ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ. ‘ಬ್ರಾಂಕ್ಸ್‌ನವರು’ ಅನ್ನೋದು ನಾಲ್ಕು ಕೈ ದಾಟುವಷ್ಟರಲ್ಲಿ ‘ಬ್ರಾಂಕ್ಸ್‌ನಲ್ಲಿ ಹುಟ್ಟಿದವರು’ ಆಗಿಬಿಡುತ್ತದೆ.

ಆದರೆ ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ ಸಾಲು. ‘ದಿ ಮೆಸೇಜ್ ಹಾಡಿದ ಫ್ಲ್ಯಾಶ್’ ಅಂತ ನಡುವೆ ಸುಮ್ನೆ ಬರೆದು ಮುಂದೆ ಹೋಗಿದ್ದೀರಿ. ‘ದಿ ಮೆಸೇಜ್’ ಅಂದರೆ ಬಡತನದ ಬಗ್ಗೆ ಅವರ ತಂಡದ ಹೆಸರಲ್ಲಿ ಬಂದ ರ‍್ಯಾಪ್ ಹಾಡು. ಹಾಡಿದ್ದು ಅವರೇ ಅನ್ನೋದರ ಬಗ್ಗೆ ನಿಮಗೆ ಅನುಮಾನವೇ ಬಂದಿಲ್ಲ. ನನಗೂ ಬಂದಿರಲಿಲ್ಲ.

2022ರಲ್ಲಿ ಆ ಹಾಡಿಗೆ 40 ವರ್ಷ ತುಂಬಿತು. ಒಂದು ಮಾಸಪತ್ರಿಕೆಯ ಸಂಪಾದಕರು ಹೊರದೇಶದ ಸಂಗೀತದ ಬಗ್ಗೆ ಹತ್ತು ಲೇಖನಗಳ ಮಾಲಿಕೆಗೆ ಒಪ್ಪಿದ್ದರು. ಮೊದಲನೆಯದು ಫ್ಲ್ಯಾಶ್ ಬಗ್ಗೆ. ಎರಡು ವಾರ ಕೂತು ಬರೆದೆ. ಹುಟ್ಟಿದ ಊರಿಗೆ ಮೂರು ರಾತ್ರಿ ಹೋಯಿತು. ನಿಮ್ಮ ಹಾಗೆಯೇ ಬಾರ್ಬಡೋಸೋ ಬ್ರಾಂಕ್ಸೋ ಅಂತ ಒದ್ದಾಡಿದೆ. ಕೊನೆಗೆ ಲೇಖನದ ಮೊದಲ ಸಾಲು ಹೀಗೆ ಬಂತು: ‘ತನ್ನ ಬೀದಿಯ ಸಂಕಟವನ್ನು ಫ್ಲ್ಯಾಶ್ ಮೈಕ್ ಮುಂದೆ ನಿಂತು ಹಾಡಿದರು.’ ಆ ಸಾಲು ನನಗೆ ಬಹಳ ಇಷ್ಟವಾಗಿತ್ತು.

ಪತ್ರಿಕೆ ಹೊರಬಂದು ವಾರಕ್ಕೆ ಒಬ್ಬ ಓದುಗರ ಕಾಗದ ಬಂತು. ಹಳೇ ರೆಕಾರ್ಡುಗಳನ್ನು ಕೂಡಿಸುವವರು. ಆ ಹಾಡಿನಲ್ಲಿ ಫ್ಲ್ಯಾಶ್ ಹಾಡಿಲ್ಲ, ಅವರ ಟರ್ನ್‌ಟೇಬಲ್ (ರೆಕಾರ್ಡ್ ತಿರುಗಿಸುವ ಯಂತ್ರ) ಕೂಡ ಇಲ್ಲ, ದಯವಿಟ್ಟು ತಿದ್ದಿ ಅಂತ ಬರೆದಿದ್ದರು. ಅಷ್ಟೇ. ಬೈಗುಳ ಇರಲಿಲ್ಲ.

ನಡೆದದ್ದು ಇದು. ಶುಗರ್ ಹಿಲ್ ರೆಕಾರ್ಡ್ಸ್‌ನ ಸ್ಟುಡಿಯೋದಲ್ಲಿ ಎಡ್ವರ್ಡ್ ಫ್ಲೆಚರ್ ಅಂತ ಒಬ್ಬ ವಾದ್ಯಗಾರರಿದ್ದರು. ಡ್ಯೂಕ್ ಬೂಟಿ ಅಂತ ಕರೆಯುತ್ತಿದ್ದರು. ಹಾಡು ಹುಟ್ಟಿದ್ದು ಅವರಿಂದ. ಕಂಪನಿಯ ಒಡತಿ ಸಿಲ್ವಿಯಾ ರಾಬಿನ್ಸನ್ ಇದನ್ನು ಫ್ಲ್ಯಾಶ್ ತಂಡದ ಮುಂದೆ ಇಟ್ಟಾಗ ಅವರಿಗೆ ಮನಸ್ಸೇ ಇರಲಿಲ್ಲ. ಜನ ಕುಣಿಯೋಕೆ ಬರುತ್ತಾರೆ, ಬಡತನದ ಕಥೆ ಯಾರು ಕೇಳುತ್ತಾರೆ ಅನ್ನೋದು ಅವರ ಯೋಚನೆ. ಕೊನೆಗೆ ರ‍್ಯಾಪ್ ಮಾಡಿದ್ದು ತಂಡದಿಂದ ಮೆಲಿ ಮೆಲ್ ಒಬ್ಬರೇ, ಜೊತೆಗೆ ಫ್ಲೆಚರ್. ಕೊನೆಯ ಚರಣವಂತೂ ಮೆಲಿ ಮೆಲ್ 1979ರಲ್ಲೇ ತಂಡದ ಇನ್ನೊಂದು ರೆಕಾರ್ಡಿನಲ್ಲಿ ಹೇಳಿದ್ದದ್ದು. ಫ್ಲ್ಯಾಶ್ ಡಿಜೆ. ರ‍್ಯಾಪ್ ಅವರ ಕೆಲಸವೇ ಅಲ್ಲ. ಇಷ್ಟಾದರೂ 1982ರಲ್ಲಿ ರೆಕಾರ್ಡ್ ಬಂದಾಗ ಮೇಲೆ ಅಚ್ಚಾಗಿದ್ದ ಹೆಸರು ‘ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಅಂಡ್ ದ ಫ್ಯೂರಿಯಸ್ ಫೈವ್’.

ನಾನು ಏನೂ ನೋಡದೆ ಬರೆದೆ ಅಂದುಕೊಳ್ಳಬೇಡಿ. ಮೂರು ವೆಬ್‌ಸೈಟ್ ಓದಿದ್ದೆ. ರೆಕಾರ್ಡ್ ಲೇಬಲ್‌ನ ಫೋಟೋ ದೊಡ್ಡದು ಮಾಡಿ ನೋಡಿದ್ದೆ. ವಿಡಿಯೋವನ್ನು ಹತ್ತು ಸಲವಾದರೂ ನೋಡಿದ್ದೆ. ವಿಡಿಯೋದಲ್ಲಿ ಫ್ಲ್ಯಾಶ್ ಇದ್ದಾರೆ! ಬೀದಿಯಲ್ಲಿ ತಂಡದ ಜೊತೆ ಓಡಾಡುತ್ತಾರೆ. ಇದಕ್ಕಿಂತ ಸಾಕ್ಷಿ ಬೇಕಾ ಅನಿಸಿತ್ತು. ಆ ವಿಡಿಯೋದಲ್ಲಿ ಫ್ಲೆಚರ್ ದನಿಗೆ ತುಟಿ ಆಡಿಸಿದ್ದು ತಂಡದ ರಹೀಮ್. ದನಿ ಒಬ್ಬರದು, ಮುಖ ಇನ್ನೊಬ್ಬರದು, ಲೇಬಲ್ ಮೇಲೆ ಹೆಸರು ಮತ್ತೊಬ್ಬರದು.

ನನ್ನನ್ನು ಇವತ್ತಿಗೂ ಚುಚ್ಚೋದು ಇದೇ. ನಾನು ಬೆಳೆದ ಮನೆಯಲ್ಲಿ ದಿನಾ ರೇಡಿಯೋ ಹಾಡುತ್ತಿತ್ತು. ತೆರೆ ಮೇಲೆ ರಾಜ್‌ಕುಮಾರ್, ದನಿ ಪಿ.ಬಿ. ಶ್ರೀನಿವಾಸ್ ಅನ್ನೋದು ನಮ್ಮಜ್ಜಿಗೂ ಗೊತ್ತಿತ್ತು. ಕಾಣುವವರೇ ಹಾಡುವವರಲ್ಲ ಅಂತ ಕನ್ನಡದವರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಅಮೆರಿಕದ ವಿಡಿಯೋ ಮುಂದೆ ಕೂತಾಗ ಅದು ನನಗೆ ನೆನಪಾಗಲಿಲ್ಲ.

ತಪ್ಪು ಎಲ್ಲಾಯಿತು ಅಂತ ಬಿಡಿಸಿ ಹೇಳುತ್ತೇನೆ, ಯಾಕಂದರೆ ನೀವು ಈಗ ಅಲ್ಲೇ ನಿಂತಿದ್ದೀರಿ. ಲೇಬಲ್ ಸುಳ್ಳಾಗಿರಲಿಲ್ಲ. ಅದು ಹೇಳುತ್ತಿದ್ದದ್ದು ರೆಕಾರ್ಡ್ ಯಾವ ಹೆಸರಲ್ಲಿ ಮಾರಾಟಕ್ಕೆ ಬಂತು ಅನ್ನೋದನ್ನು ಮಾತ್ರ. ವೆಬ್‌ಸೈಟ್‌ಗಳೂ ‘ಫ್ಲ್ಯಾಶ್ ಅವರ ದಿ ಮೆಸೇಜ್’ ಅಂತ ಬರೆದಿದ್ದವು, ‘ಹಾಡಿದರು’ ಅಂತ ಅಲ್ಲ. ‘ಅವರ’ ಅನ್ನೋದನ್ನು ‘ಹಾಡಿದರು’ ಅಂತ ಮಾಡಿದ್ದು ನಾನು. ಆ ಕ್ರಿಯಾಪದ ಯಾವ ಮೂಲದಲ್ಲೂ ಇರಲಿಲ್ಲ, ನನ್ನ ವಾಕ್ಯ ಚೆನ್ನಾಗಿ ಬರಲಿ ಅಂತ ಬಂತು. ಇನ್ನೂ ಬೇಜಾರಿನ ವಿಷಯ ಅಂದರೆ, ಅದೇ ಲೇಬಲ್ ಮೇಲೆ ಸಣ್ಣ ಅಕ್ಷರದಲ್ಲಿ ಹಾಡು ಬರೆದವರ ಹೆಸರುಗಳಿವೆ: ಫ್ಲೆಚರ್, ಗ್ಲೋವರ್, ರಾಬಿನ್ಸನ್, ಚೇಸ್. ಗ್ಲೋವರ್ ಅಂದರೆ ಮೆಲಿ ಮೆಲ್. ಸ್ಯಾಡ್ಲರ್ ಅನ್ನೋ ಹೆಸರು ಅಲ್ಲಿಲ್ಲ. ಮೂರು ರಾತ್ರಿ ಹುಟ್ಟೂರು ಹುಡುಕುವಾಗ ಸ್ಯಾಡ್ಲರ್ ಅನ್ನೋ ಹೆಸರು ನನಗೆ ಬಾಯಿಪಾಠವಾಗಿತ್ತು. ಆ ಸಣ್ಣ ಅಕ್ಷರ ಓದಿದ್ದರೆ ‘ಇವರ ಹೆಸರೆಲ್ಲಿ?’ ಅಂತ ಅಲ್ಲೇ ನಿಲ್ಲುತ್ತಿದ್ದೆ. ನಾನು ದೊಡ್ಡ ಅಕ್ಷರ ಓದಿ ಪುಟ ಮುಚ್ಚಿದೆ.

ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಬಂತು. ಮಾಲಿಕೆ ಅಲ್ಲಿಗೇ ನಿಂತಿತು. ಉಳಿದ ಒಂಬತ್ತರಲ್ಲಿ ಎರಡು ಆಗಲೇ ಬರೆದಿಟ್ಟಿದ್ದೆ. ಸಂಪಾದಕರು ಕೂಗಾಡಲಿಲ್ಲ. ಮೊದಲ ಸಾಲೇ ಹೀಗಾದರೆ ಒಳಗಿನದನ್ನು ಓದುಗರು ಹೇಗೆ ನಂಬುತ್ತಾರೆ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಾಗಿ ‘ಯಾವ ವೆಬ್‌ಸೈಟ್ ನಂಬಲಿ’ ಅನ್ನೋ ಪ್ರಶ್ನೆಯನ್ನೇ ಬಿಡಿ. ವೆಬ್‌ಸೈಟನ್ನು ಇಡಿಯಾಗಿ ನಂಬೋದೂ ಬೇಡ, ಇಡಿಯಾಗಿ ಬಿಡೋದೂ ಬೇಡ. ನಿಮ್ಮ ಬರಹದ ಕ್ರಿಯಾಪದಗಳಿಗೆಲ್ಲ ಅಡಿಗೆರೆ ಹಾಕಿ. ಹುಟ್ಟಿದರು, ಹಾಡಿದರು, ಕಂಡುಹಿಡಿದರು, ಮೊದಲಿಗರಾದರು. ಒಂದೊಂದಕ್ಕೂ, ಇದು ಗೊತ್ತಿರಬಹುದಾದವರು ಯಾರು ಅಂತ ಕೇಳಿಕೊಳ್ಳಿ. ಫ್ಲ್ಯಾಶ್ 2008ರಲ್ಲಿ ಆತ್ಮಕಥೆ ತಂದಿದ್ದಾರೆ. ರೆಕಾರ್ಡಿನ ಮೇಲೆ ಗುರುತು ಹಾಕಿಕೊಂಡು ಅದೇ ತುಣುಕನ್ನು ಮತ್ತೆ ಮತ್ತೆ ನುಡಿಸುವುದನ್ನು ಹೇಗೆ ಕಲಿತರು ಅನ್ನೋದಕ್ಕೆ ಅವರಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಯಾವ ಪಾರ್ಟಿ ಯಾವ ತಿಂಗಳು ಅನ್ನೋದಕ್ಕೆ ಮಾತ್ರ ಯಾರ ನೆನಪನ್ನೂ ಒಂದೇ ಆಧಾರ ಮಾಡಿಕೊಳ್ಳಬೇಡಿ. ಬ್ರಾಂಕ್ಸ್‌ನ ಇನ್ನೊಬ್ಬ ಡಿಜೆ ಕೂಲ್ ಹರ್ಕ್ ಮತ್ತು ಅವರ ತಂಗಿ ಸಿಂಡಿ ಸೇರಿ ಸೆಜ್‌ವಿಕ್ ಅವೆನ್ಯೂದ 1520ನೇ ಕಟ್ಟಡದಲ್ಲಿ ಮಾಡಿದ ಪಾರ್ಟಿಯ ದಿನವನ್ನು, 1973ರ ಆಗಸ್ಟ್ 11 ಅಂತ, ಇಷ್ಟು ಧೈರ್ಯವಾಗಿ ಬರೆಯೋದು ಕೈಬರಹದ ಆಹ್ವಾನದ ಕಾರ್ಡ್ ಇರೋದರಿಂದ. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಅನ್ನೋದೂ ಅದರಲ್ಲೇ ಇದೆ.

‘ಸ್ಕ್ರ್ಯಾಚ್ ಕಂಡುಹಿಡಿದವರು ಫ್ಲ್ಯಾಶ್’ ಅಂತಲೂ ಬರೆದಿದ್ದೀರಿ. ಸ್ಕ್ರ್ಯಾಚ್ ಅಂದರೆ ತಿರುಗುವ ರೆಕಾರ್ಡನ್ನು ಕೈಯಿಂದ ಹಿಂದೆ ಮುಂದೆ ಆಡಿಸಿ ಸದ್ದು ಹುಟ್ಟಿಸೋದು. ಆ ಸಾಲನ್ನು ತೆಗೆಯಿರಿ. ಅದರ ಶ್ರೇಯ ಸಲ್ಲೋದು ಗ್ರ್ಯಾಂಡ್ ವಿಜರ್ಡ್ ಥಿಯೋಡೋರ್‌ಗೆ. ಆಗ ಅವರಿನ್ನೂ ಹುಡುಗ, ಫ್ಲ್ಯಾಶ್ ಜೊತೆಗಾರ ಮೀನ್ ಜೀನ್ ಅವರ ತಮ್ಮ. ಫ್ಲ್ಯಾಶ್ ಅದನ್ನು ಬೆಳೆಸಿದರು, ಅದು ಬೇರೆ ಮಾತು. ನನ್ನ ಕೇಳಿದರೆ ‘ಮೊದಲ’, ‘ಪಿತಾಮಹ’ ಅನ್ನೋ ಪದಗಳನ್ನೇ ಬಳಸಬೇಡಿ.

ಕನ್ನಡದಲ್ಲಿ ಬರೆಯೋವಾಗ ಇನ್ನೊಂದು ಗುಂಡಿ ಇದೆ. ಫ್ಯೂರಿಯಸ್ ಫೈವ್‌ನಲ್ಲಿ ಒಬ್ಬರು ಕಿಡ್ ಕ್ರಿಯೋಲ್, ಮೆಲಿ ಮೆಲ್ ಅವರ ಅಣ್ಣತಮ್ಮಂದಿರಲ್ಲಿ ಒಬ್ಬರು. ಕೋಕೋನಟ್ಸ್ ಅನ್ನೋ ತಂಡದ ಕಿಡ್ ಕ್ರಿಯೋಲ್ ಬೇರೆಯವರು, ಅವರ ನಿಜ ಹೆಸರು ಥಾಮಸ್ ಆಗಸ್ಟ್ ಡಾರ್ನೆಲ್ ಬ್ರೌಡರ್. ಇಂಗ್ಲಿಷಿನಲ್ಲಿ ಒಂದು ‘ಡಿ’ ಜಾಸ್ತಿ ಇರೋದರಿಂದ ಗೊತ್ತಾಗುತ್ತದೆ. ನಮ್ಮ ಲಿಪಿಯಲ್ಲಿ ಇಬ್ಬರೂ ಒಂದೇ ಥರ ಕಾಣುತ್ತಾರೆ. ನಿಜ ಹೆಸರನ್ನು ಪಕ್ಕದಲ್ಲೇ ಬರೆಯಿರಿ.

ಫ್ಲ್ಯಾಶ್ ದೊಡ್ಡಸ್ತಿಕೆ ಇದರಿಂದ ಕಮ್ಮಿಯಾಗುತ್ತೆ ಅಂತ ಹೆದರಬೇಡಿ. ಅವರ ಕೈಚಳಕ ತೋರಿಸಬೇಕಾ? 1981ರ ‘ವೀಲ್ಸ್ ಆಫ್ ಸ್ಟೀಲ್’ ರೆಕಾರ್ಡ್ ಹಿಡಿಯಿರಿ. ಅದರಲ್ಲಿ ಟರ್ನ್‌ಟೇಬಲ್ ಮುಂದೆ ನಿಂತವರು ಅವರೇ. ಒಂದು ವರ್ಷದ ಅಂತರದಲ್ಲಿ ಒಂದೇ ಕಂಪನಿಯಿಂದ ಬಂದ ಎರಡು ರೆಕಾರ್ಡ್, ಎರಡರ ಮೇಲೂ ಅವರ ಹೆಸರು. ಒಂದರಲ್ಲಿ ಪೂರ್ತಿ ಅವರೇ. ಇನ್ನೊಂದರಲ್ಲಿ ಹಾಡಿದ್ದೂ ಅವರಲ್ಲ, ಕೈಚಳಕವೂ ಅವರದಲ್ಲ. ನಿಮ್ಮ ಲೇಖನವನ್ನು ಇಲ್ಲಿಂದ ಶುರು ಮಾಡಿದರೂ ಚೆನ್ನಾಗಿರುತ್ತದೆ.

‘ದಿ ಮೆಸೇಜ್’ ಸಾಲಿನಲ್ಲಿ ಎಡ್ವರ್ಡ್ ಫ್ಲೆಚರ್ ಹೆಸರು ಬರಲಿ. ಅವರು ಆಮೇಲೆ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು, ಜಾರ್ಜಿಯಾದ ಸವಾನಾದಲ್ಲಿ. ತೀರಿಕೊಂಡಿದ್ದು 2021ರ ಜನವರಿಯಲ್ಲಿ. ನನ್ನ ಲೇಖನ ಬಂದಿದ್ದು ಅದಾಗಿ ಒಂದೂವರೆ ವರ್ಷಕ್ಕೆ, ಅದರಲ್ಲಿ ಅವರ ಹೆಸರೇ ಇರಲಿಲ್ಲ. ತಿದ್ದುಪಡಿಯ ನಾಲ್ಕು ಸಾಲಿನಲ್ಲಿ ಬಂತು.