ಬೈದ ಮೇಲೂ ಮಗಳು ಬಂದು ತಬ್ಬಿಕೊಳ್ಳುತ್ತಾಳೆ, ಆ ಪ್ರೀತಿಗೆ ನಾನು ಯೋಗ್ಯಳಾ?

ಶಾಲೆಯ ರಾಜ್ಯೋತ್ಸವಕ್ಕೆ ಹಳದಿ-ಕೆಂಪು ಬಟ್ಟೆ ಹಾಕಿ ಕಳಿಸುವುದನ್ನು ಮರೆತಿರಿ. ಆರು ವರ್ಷದ ಮಗಳು ಸಂಜೆ ಬಂದು "ಪರವಾಗಿಲ್ಲ ಅಮ್ಮ, ಮಿಸ್ ನನಗೆ ಬಾವುಟ ಹಿಡಿಯೋಕೆ ಕೊಟ್ರು" ಅಂದಳು. ಆಫೀಸಿನಿಂದ ಸುಸ್ತಾಗಿ ಬಂದು ಅವಳ ಮೇಲೆ ಕಿರುಚುತ್ತೀರಿ, ಸ್ವಲ್ಪ ಹೊತ್ತಿಗೆ ಅವಳೇ ಬಂದು ತಬ್ಬಿಕೊಳ್ಳುತ್ತಾಳೆ. ಇದಕ್ಕೆ ನಾನು ಯೋಗ್ಯಳಾ ಅಂತ ಕೇಳಿದ್ದೀರಿ. ಸಾರಿ ಕೇಳಿದರೆ ಮಗು ತಲೆ ಮೇಲೆ ಕೂರುತ್ತೆ ಅಂತ ನಿಮ್ಮ ಅತ್ತೆ ಹೇಳುತ್ತಾರೆ, ಅದು ನಿಜವಾ ಅಂತಲೂ ಕೇಳಿದ್ದೀರಿ.

ನಾನು ಕತ್ತರಿಗುಪ್ಪೆಯಲ್ಲಿ ಚಿಕ್ಕದೊಂದು ಡೇ ಕೇರ್ ನಡೆಸುತ್ತೇನೆ. ಶಾಲೆ ಬಿಟ್ಟ ಮೇಲೆ ಮಕ್ಕಳು ನನ್ನ ಹತ್ತಿರ ಇರುತ್ತಾರೆ. ಅವರ ಅಪ್ಪ ಅಮ್ಮ ಔಟರ್ ರಿಂಗ್ ರೋಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯಿಂದ ಬರಬೇಕು. ಮಳೆ ಬಂದ ಸಂಜೆ ಸಿಲ್ಕ್ ಬೋರ್ಡ್ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ತಡವಾಗಿ ಬಂದವರು ಹೆಲ್ಮೆಟ್ ತೆಗೆಯುವ ಮೊದಲೇ "ಸಾರಿ ಕಂದ, ಸಾರಿ" ಅಂತ ಶುರು ಮಾಡಿರುತ್ತಾರೆ. ಮಗುವಿಗೆ ಆ ಮಾತು ಕೇಳಿಸುವುದೇ ಇಲ್ಲ. ಅಮ್ಮ ಬಂದಳು, ಅದೊಂದೇ ಅದಕ್ಕೆ ಸುದ್ದಿ. ಸಂಜೆ ಕೊಟ್ಟ ಚಕ್ಕುಲಿಯಲ್ಲಿ ಅರ್ಧ ಎತ್ತಿಟ್ಟು, ಅಪ್ಪ ಬಂದ ಕೂಡಲೇ ಜೇಬಿನಿಂದ ಪುಡಿಪುಡಿಯಾದದ್ದನ್ನು ತೆಗೆದುಕೊಡುವ ಹುಡುಗ ಇದ್ದಾನೆ. ಅಪ್ಪ ಎಷ್ಟು ಗಂಟೆಗೆ ಬಂದರು ಅನ್ನುವುದಕ್ಕೂ ಆ ಚಕ್ಕುಲಿಗೂ ಸಂಬಂಧವೇ ಇಲ್ಲ.

ಅದಕ್ಕೇ ಹೇಳುತ್ತೇನೆ, ಯೋಗ್ಯತೆಯ ಲೆಕ್ಕ ನೀವೊಬ್ಬರೇ ಹಾಕುತ್ತಿದ್ದೀರಿ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಗಾದೆ ಇದೆಯಲ್ಲ, ಮಕ್ಕಳ ಕಡೆಯಿಂದಲೂ ಅದು ಅಷ್ಟೇ ನಿಜ.

ಹಾಗಂತ ಮಕ್ಕಳಿಗೆ ಏನೂ ಗೊತ್ತಾಗಲ್ಲ ಅಂದುಕೊಳ್ಳಬೇಡಿ. ನಮ್ಮಲ್ಲಿ ಅವರು 'ಅಮ್ಮ ಆಫೀಸಿಂದ ಬರೋ ಆಟ' ಆಡುತ್ತಾರೆ. ಕುರ್ಚಿಯೇ ಸ್ಕೂಟರ್. ಒಬ್ಬಳು ಅಮ್ಮನಾಗಿ ಅದರ ಮೇಲೆ ಕೂತು "ಬಂದೆ ಪುಟ್ಟ, ಇನ್ನೈದೇ ನಿಮಿಷ, ಸಿಗ್ನಲ್ಲಲ್ಲಿ ಇದೀನಿ" ಅಂತ ಫೋನ್ ಮಾಡುತ್ತಾಳೆ. ಬಂದವಳೇ ಬೈಯುತ್ತಾಳೆ ಕೂಡ: "ಎಷ್ಟು ಸಲ ಹೇಳಬೇಕು ನಿಂಗೆ, ಶೂ ಹಾಕ್ಕೋ!" ದನಿ ಕೂಡ ಅವರವರ ಅಮ್ಮಂದಿರದ್ದೇ. ಎಲ್ಲವನ್ನೂ ನೋಡಿರುತ್ತಾರೆ. ಆದರೆ ಆ ಆಟದಲ್ಲಿ ಅಮ್ಮ ಬಾರದೇ ಹೋದದ್ದನ್ನು ನಾನು ಕಂಡಿಲ್ಲ. ಬೈದ ಅಮ್ಮನೇ ಆಮೇಲೆ ಊಟ ಮಾಡಿಸುತ್ತಾಳೆ, ತಟ್ಟಿ ಮಲಗಿಸುತ್ತಾಳೆ. ಆಟ ಅಲ್ಲಿಗೆ ಮುಗಿಯುತ್ತೆ. ನನಗೆ ಇದು ತುಂಬಾ ದೊಡ್ಡ ವಿಷಯ ಅನ್ನಿಸುತ್ತೆ. ಮಗು ಬೈಗುಳವನ್ನು ಮರೆತಿಲ್ಲ. ಬೈದ ಮೇಲೆ ಏನಾಯಿತು ಅನ್ನುವುದನ್ನೂ ಅದು ಜೊತೆಗೇ ಇಟ್ಟುಕೊಂಡಿದೆ.

ಈ ವಿಷಯವನ್ನು ಬಲ್ಲವರು ಹೇಳುವುದೂ ಇದನ್ನೇ. ಎಡ್ವರ್ಡ್ ಟ್ರಾನಿಕ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲಿ ಒಂದು ಪ್ರಯೋಗ ಮಾಡಿದರು. ತಾಯಿ ತನ್ನ ಎಳೆ ಮಗುವಿನ ಜೊತೆ ಆಡುತ್ತಿರುತ್ತಾಳೆ. ಆಮೇಲೆ ಸ್ವಲ್ಪ ಹೊತ್ತು ಮುಖದಲ್ಲಿ ಯಾವ ಭಾವವನ್ನೂ ತೋರಿಸದೆ ಸುಮ್ಮನೆ ನೋಡುತ್ತಾಳೆ. ಮಗು ನಗುತ್ತೆ, ಕೈ ಚಾಚುತ್ತೆ, ಕೂಗುತ್ತೆ, ಕೊನೆಗೆ ಮುಖ ತಿರುಗಿಸಿಕೊಳ್ಳುತ್ತೆ, ಅಳುತ್ತೆ. ನೋಡಲು ಸಂಕಟವಾಗುತ್ತೆ. ತಾಯಿ ಮತ್ತೆ ಮೊದಲಿನಂತೆ ಆದಾಗ ಮಗು ನಿಧಾನವಾಗಿ ಅವಳ ಕಡೆ ಬರುತ್ತೆ. ಟ್ರಾನಿಕ್ ಅವರು ಇನ್ನೊಂದನ್ನೂ ಗಮನಿಸಿದರು. ಚೆನ್ನಾಗಿಯೇ ಇರುವ ತಾಯಿ-ಮಕ್ಕಳು ಎದುರುಬದುರು ಕೂತು ಆಡುವಾಗಲೂ ನೂರರಲ್ಲಿ ಸುಮಾರು 30 ಪಾಲು ಸಮಯ ಮಾತ್ರ ಇಬ್ಬರಿಗೂ ಹೊಂದಿಕೆಯಾಗುತ್ತೆ. ಉಳಿದದ್ದೆಲ್ಲ ತಪ್ಪುವುದು, ಮತ್ತೆ ಸರಿಮಾಡಿಕೊಳ್ಳುವುದು. ಅದಕ್ಕೂ ಮೊದಲು, 1953ರಲ್ಲೇ, ಇಂಗ್ಲೆಂಡಿನ ಮಕ್ಕಳ ವೈದ್ಯ ಡೊನಾಲ್ಡ್ ವಿನ್ನಿಕಾಟ್ ಬರೆದಿದ್ದರು: ಮಗುವಿಗೆ ತಕ್ಕಮಟ್ಟಿಗೆ ಒಳ್ಳೆಯ ತಾಯಿ ಸಾಕು. ಶುರುವಿನಲ್ಲಿ ಅವಳು ಮಗು ಕೇಳಿದ್ದಕ್ಕೆಲ್ಲ ಒದಗುತ್ತಾಳೆ. ಮಗು ಬೆಳೆದು ತಡೆದುಕೊಳ್ಳುವ ಶಕ್ತಿ ಬಂದ ಹಾಗೆ ಅವಳು ಒದಗುವುದು ಕಮ್ಮಿಯಾಗುತ್ತಾ ಹೋಗುತ್ತೆ. ಅದರಿಂದಲೇ ಮಗು ಹೊರಗಿನ ಲೋಕವನ್ನು ಕಲಿಯುತ್ತೆ.

ಬಾವುಟದ ಕಥೆ ನನಗೆ ತುಂಬಾ ಇಷ್ಟವಾಯಿತು. ಎಲ್ಲರೂ ಹಳದಿ-ಕೆಂಪಿನಲ್ಲಿ ಇದ್ದಾಗ ತಾನೊಬ್ಬಳೇ ಯೂನಿಫಾರ್ಮಿನಲ್ಲಿ ನಿಂತಿದ್ದು ನಿಮ್ಮ ಮಗಳಿಗೆ ಕಷ್ಟವಾಗಿರುತ್ತೆ. ಅದನ್ನು ಅವಳು ದಾಟಿ ಬಂದಳು. ನೀವು "ಅಯ್ಯೋ ನಂದೇ ತಪ್ಪು" ಅಂತ ಅಳುವುದಕ್ಕಿಂತ, ಅಲ್ಲಿ ಏನಾಯಿತು, ಬಾವುಟ ಯಾರು ಕೊಟ್ಟರು, ಎಲ್ಲಿ ನಿಂತೆ ಅಂತ ಪೂರ್ತಿ ಕೇಳಿ. ಬಟ್ಟೆ ಇಲ್ಲದೆ ಬೇಜಾರಾಯಿತಾ ಅಂತಲೂ ಕೇಳಿ. "ಹೂಂ" ಅಂದರೆ ಅದನ್ನೂ ಕೇಳಿಸಿಕೊಳ್ಳಿ. ಅದಕ್ಕೆ ಬದಲಾಗಿ ಮಾಲ್‌ಗೆ ಕರೆದುಕೊಂಡು ಹೋಗಿ ಆಟದ ಸಾಮಾನು ಕೊಡಿಸುವುದು ಬೇಡ. ಅವಳು ಅದನ್ನು ಕೇಳಿಲ್ಲ.

ಇಲ್ಲಿ ಒಂದು ವಿಷಯ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ನಮ್ಮ ಬಾಗಿಲಲ್ಲಿ ಇದನ್ನು ಪದೇ ಪದೇ ನೋಡುತ್ತೇನೆ. ಅಮ್ಮ ಬರುತ್ತಾರೆ, ಮಗುವನ್ನು ಎತ್ತಿಕೊಳ್ಳುತ್ತಾರೆ, ಕಣ್ಣಲ್ಲಿ ನೀರು. "ನಾನು ಕೆಟ್ಟ ಅಮ್ಮ ಅಲ್ವಾ ಪುಟ್ಟಿ?" ಅಂತ ಕೇಳುತ್ತಾರೆ. ಐದು ವರ್ಷದ ಮಗು ಅವರ ಕಣ್ಣು ಒರೆಸಿ "ಇಲ್ಲಮ್ಮ, ನೀನು ಒಳ್ಳೆ ಅಮ್ಮ" ಅನ್ನುತ್ತೆ. ನೋಡುವವರಿಗೆ ಮುದ್ದು ಬರುತ್ತೆ. ನನಗೆ ಮಾತ್ರ ಭಯವಾಗುತ್ತೆ. ತಡವಾಗಿ ಬಂದದ್ದು ಅಮ್ಮ, ಕಾದದ್ದು ಮಗು, ಸಮಾಧಾನ ಹೇಳುವ ಕೆಲಸವೂ ಮಗುವಿನದ್ದೇ. ದಿನಾ ಹೀಗಾದರೆ ಮಗು ತನ್ನ ಬೇಜಾರನ್ನು ನುಂಗಲು ಕಲಿಯುತ್ತೆ. ನಾನು ಅತ್ತರೆ ಅಮ್ಮನೂ ಅಳುತ್ತಾಳೆ ಅಂತ ಸುಮ್ಮನಾಗುತ್ತೆ. ಮಕ್ಕಳು ತಾವಾಗಿ ಕೊಡುವ ಕ್ಷಮೆಯನ್ನು ತೆಗೆದುಕೊಳ್ಳಿ. ಕೇಳಿ ಕೇಳಿ ಪಡೆಯಬೇಡಿ.

ಇನ್ನೊಂದು ಮಾತು, ಇದು ನಿಮಗೆ ಅಂತಲ್ಲ, ಓದುವ ಎಲ್ಲರಿಗೂ. ಮಗು ಕ್ಷಮಿಸಿತು ಅಂದರೆ ಅದಕ್ಕೆ ನೋವಾಗಿಲ್ಲ ಅಂತ ಅರ್ಥವಲ್ಲ. ಹೊಡೆದ ಅಪ್ಪನ ಮಡಿಲಲ್ಲೂ ಮಗು ಹೋಗಿ ಕೂರುತ್ತೆ, ಅದಕ್ಕೆ ಬೇರೆ ಮಡಿಲಿಲ್ಲ. ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನು, ಮನಸ್ಸಿಗೆ ಹಿಂಸೆ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಟೀಚರ್ ಮಾಡಬಾರದು ಅಂತ ನಾವು ಒಪ್ಪುವುದನ್ನು ಮನೆಯಲ್ಲಿ ನಾವು ಯಾಕೆ ಮಾಡಬೇಕು?

ನಿಮ್ಮ ಅತ್ತೆಯ ಮಾತಿಗೆ ಬರುತ್ತೇನೆ. ಅವರ ಕಾಲದಲ್ಲಿ ದೊಡ್ಡವರು ಮಕ್ಕಳ ಹತ್ತಿರ ತಪ್ಪಾಯಿತು ಅನ್ನುತ್ತಿರಲಿಲ್ಲ. ಬೈದ ಅಜ್ಜಿ ಸ್ವಲ್ಪ ಹೊತ್ತಿಗೆ ಕರೆದು ಕೈತುತ್ತು ಹಾಕುತ್ತಿದ್ದರು, ಅದೇ ಅವರ ಸಾರಿ. ಅದು ಸುಳ್ಳು ಅಂತ ನಾನು ಹೇಳಲ್ಲ. ಆದರೆ ಬಾಯಿಬಿಟ್ಟು ಹೇಳಿದರೆ ಮಗುವಿಗೆ ಒಂದು ಲಾಭ ಇದೆ. ತುತ್ತು ಸಿಕ್ಕಿದರೂ, ಅಮ್ಮನಿಗೆ ಸಿಟ್ಟು ಬಂದದ್ದು ತನ್ನಿಂದಲೇ ಅಂತ ಅದು ಅಂದುಕೊಂಡೇ ಇರುತ್ತೆ. "ಆಫೀಸಿನ ಸಿಟ್ಟನ್ನು ನಿನ್ನ ಮೇಲೆ ತೀರಿಸಿಕೊಂಡೆ. ಅದು ನನ್ನ ತಪ್ಪು, ನಿಂದಲ್ಲ" ಅಂದರೆ ಆ ಭಾರ ಇಳಿಯುತ್ತೆ. ಇಷ್ಟು ಹೇಳಿ ನಿಲ್ಲಿಸಿ. "ಸಾರಿ, ಆದರೆ ನೀನು ಬೇಗ ಹೋಂವರ್ಕ್ ಮಾಡಿದ್ದರೆ..." ಅಂತ ಮುಂದುವರಿಸಿದರೆ ಎಲ್ಲಾ ಹಾಳು. ಸಾರಿ ಕೇಳಿದ ಮೇಲೂ ಹೋಂವರ್ಕ್ ಮಾಡಲೇಬೇಕು, ಟಿವಿ ಆರಿಸಲೇಬೇಕು. ತಪ್ಪು ಒಪ್ಪಿಕೊಂಡೆವು ಅಂತ ನಿಯಮ ಸಡಿಲ ಮಾಡಿದಾಗ ಮಾತ್ರ ಮಕ್ಕಳು ತಲೆ ಮೇಲೆ ಕೂರುವುದು. ಅತ್ತೆಗೂ ಹೀಗೇ ಹೇಳಿ ನೋಡಿ, ಒಪ್ಪಬಹುದು.

ಕೊನೆಗೆ ನಿಮ್ಮ ಬಗ್ಗೆ. ದಿನಾ ರಾತ್ರಿ ಕಿರುಚುವುದು, ಆಮೇಲೆ ನಿದ್ದೆ ಬರದೆ ಒದ್ದಾಡುವುದು ಅಂತ ಬರೆದಿದ್ದೀರಿ. ಇದು ಬರೀ ತಾಯ್ತನದ ವಿಷಯ ಅಲ್ಲದೆಯೂ ಇರಬಹುದು. ಮನೆ ಕೆಲಸದಲ್ಲಿ ನಿಮ್ಮ ಯಜಮಾನರ ಪಾಲು ಎಷ್ಟು ಅಂತ ನೀವು ಬರೆದಿಲ್ಲ, ಅದನ್ನು ಮೊದಲು ಅವರ ಜೊತೆ ಕೂತು ಮಾತಾಡಿ. ಆಮೇಲೂ ನಿದ್ದೆ ಸರಿಹೋಗದಿದ್ದರೆ ಟೆಲಿ-ಮನಸ್ ಅನ್ನುವ ಮಾನಸಿಕ ಆರೋಗ್ಯದ ಸಹಾಯವಾಣಿಗೆ ಫೋನ್ ಮಾಡಿ, ನಂಬರ್ 14416. ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ್ದು, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.